ಕರ್ಪೂರದ ಕಲೆ, ಬಾಗಿಲಿನ ನೆಗ್ಗು

ಉದ್ದನಪಲ್ಲಿ,
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಾಲೂರಿನ ಆ ಟೈಲ್ಸ್ ನೆಲದ ಮೇಲೆ ಓಡಾಡಿ ನಿನ್ನ ಮಂಡಿನೋವು ಜಾಸ್ತಿ ಆಗಿರಬೇಕು. ಬೀಗರ ಮನೆ ಅಂತ ಸಂಕೋಚಪಟ್ಟುಕೊಳ್ಳದೆ ಒಂದು ಚಾಪೆ ಕೇಳಿ ಹಾಕಿಕೋ. ಸುಧಕ್ಕ ಸರಿಯಾಗಿ ಊಟ ಮಾಡುತ್ತಾಳಾ? ಮಗು ರಾತ್ರಿಯೆಲ್ಲ ಎದ್ದಿದ್ದು ಹಗಲು ಮಲಗುತ್ತದೆ ಅಂದಿದ್ದೆ, ಈಗಲೂ ಹಾಗೇನಾ? ಇಲ್ಲಿ ಅಪ್ಪ ಚೆನ್ನಾಗಿದ್ದಾನೆ, ಹಸು ಚೆನ್ನಾಗಿದೆ. ನನಗೆ ಸುಸ್ತಾಗಿದೆ. ಜ್ವರವೇನೂ ಇಲ್ಲ, ಗಾಬರಿಯಾಗಬೇಡ.

ಫೋನ್ ಇರುವಾಗ ಇವನು ಕಾಗದ ಯಾಕೆ ಬರೆದ ಅಂತ ನೀನು ಹೆದರುತ್ತೀಯ, ಗೊತ್ತು. ಆ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಡುತ್ತಾರೆ, ಬೀಗರೆಲ್ಲ ಸುತ್ತ ಕೂತು ಕೇಳುತ್ತಾರೆ. ನಮ್ಮ ಕಾರಿನ ಕಥೆ ಅವರಿಗೆ ಬೇಡ. ನಮ್ಮ ವೆಂಕಿ ಟೊಮೆಟೊ ಗಾಡಿ ತಗೊಂಡು ಕೋಲಾರಕ್ಕೆ ಹೋಗುತ್ತಿದ್ದಾನೆ, ದಾರಿಯಲ್ಲಿ ಇಳಿದು ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ. ನಿಧಾನವಾಗಿ ಬೆರಳಿಟ್ಟು ಓದು. ನಡುವೆ ಅಳುವ ವಿಷಯ ಏನೂ ಇಲ್ಲ.

ನಮ್ಮ ಕಾರು ರಿಪೇರಿ ಆಗಿ ಹೊಸೂರು ಶೋರೂಮಿನ ಶೆಡ್ಡಿನಲ್ಲಿ ನಿಂತಿದೆ. ಗೇರ್‌ಬಾಕ್ಸ್ ಬದಲಾಯಿಸಿದ್ದಾರೆ, ಕೆಲಸದಲ್ಲಿ ದೋಷವಿಲ್ಲ. ಆದರೆ ಕೀ ಕೊಡುತ್ತಿಲ್ಲ. ಬರುವ ಭಾನುವಾರ ಅಮಾವಾಸ್ಯೆ. ಅದು ಕಳೆದ ಮೇಲೆ ಮಗುವನ್ನು ನಮ್ಮ ಮನೆಗೆ ಕರೆದುಕೊಂಡು ಬರಬೇಕು, ಅದೂ ನಮ್ಮ ಕಾರಲ್ಲೇ ಬರಬೇಕು ಅಂತ ನೀನು ಸುಧಕ್ಕನ ಅತ್ತೆಯ ಮುಂದೆ ಹೇಳಿಬಿಟ್ಟಿದ್ದೀಯ. ನಾನು ದಿನಾ ಬಸ್ಸು ಹತ್ತುತ್ತಿರುವುದು ಅದಕ್ಕೇ.

ಆದದ್ದು ಇಷ್ಟು. ಗೇರ್‌ಬಾಕ್ಸ್ ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ಇದನ್ನು ಓಡಿಸಿಕೊಳ್ಳಿ ಅಂತ ಅವರದೇ ಒಂದು ಕಾರು ಕೊಟ್ಟಿದ್ದರಲ್ಲ, ಅದೇ ಮಾಡೆಲ್ಲು, ಅದೇ ಬಿಳಿ. ನಾನು ಅದನ್ನು ತಂದು ನಿಲ್ಲಿಸಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ನೀನು ಪೂಜೆ ಮುಗಿಸಿದ್ದೆ. ನಮ್ಮದೇ ಕಾರು ಪಾಲಿಶ್ ಆಗಿ ಬಂದಿದೆ ಅಂದುಕೊಂಡಿದ್ದೆ ನೀನು. ನಮ್ಮ ಕಾರು ಮೊದಲ ಸಲ ಮನೆಗೆ ಬಂದಾಗ ನೀನು ಕೃಷ್ಣಗಿರಿ ಆಸ್ಪತ್ರೆಯಲ್ಲಿ ಜ್ವರದಲ್ಲಿ ಮಲಗಿದ್ದೆ, ಶೋರೂಮಿನವರೇ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಳಿಸಿದ್ದರು. ಮನೆ ಹೆಂಗಸು ಆರತಿ ಎತ್ತದ ಗಾಡಿ, ಅದಕ್ಕೇ ಹಿಂಗೆ ಕೆಡ್ತದೆ ಅಂತ ನೀನು ಅಂದುಕೊಳ್ಳುತ್ತಲೇ ಇದ್ದೆ. ಸಿಕ್ಕಿದ ದಿನ ಬಾಕಿಯನ್ನೆಲ್ಲ ತೀರಿಸಿದೆ. ನಾಲ್ಕು ಬಾಗಿಲಿಗೂ ಅರಿಶಿನ ಕುಂಕುಮ, ಗಾಜಿಗೆ ಹೂವು, ಬಾನೆಟ್ಟಿನ ಮೇಲೆ ವೀಳ್ಯದೆಲೆ ಇಟ್ಟು ಕರ್ಪೂರ. ಎಲೆ ಸುಟ್ಟು ಕರ್ಪೂರ ಬಾನೆಟ್ಟಿಗೇ ತಗುಲಿತು. ಇದು ನಮ್ಮದಲ್ಲಮ್ಮ ಅಂದಾಗ ನಿನ್ನ ಮುಖ ನೋಡಿ ನನಗೆ ನಗು ಬಂತು. ಯಾರದಾದ್ರೆ ಏನ್ಲಾ, ದೇವ್ರಿಗೆ ನಂಬ್ರು ಕಾಣ್ತದಾ ಅಂದೆ ನೀನು. ಆ ಮಾತು ನಾನು ಎಲ್ಲರಿಗೂ ಹೇಳಿದ್ದೇನೆ.

ನೀನು ಮಾಲೂರಿಗೆ ಹೋದ ಮೇಲೆ ಆ ಕಾರನ್ನು ಪೆಟ್ರೋಲ್ ಬಂಕಿನ ಹುಡುಗರ ಕೈಲಿ ತೊಳೆಸಿ ವಾಪಸ್ ಕೊಡಲು ಹೋದೆ. ಬಾನೆಟ್ಟಿನಲ್ಲಿ ಎಲೆಯ ಆಕಾರದ ಕಂದು ಕಲೆ ಹಾಗೇ ಉಳಿದಿತ್ತು. ಶೋರೂಮಿನಲ್ಲಿ ಗಾಡಿ ನೋಡಿ ಒಳಗೆ ತೆಗೆದುಕೊಳ್ಳುವವನು ಲಕ್ಷ್ಮೀಪತಿ ಅಂತ, ನಮ್ಮ ಕಡೆಯವನೇ, ಒಳ್ಳೆಯವನು. ಅವನು ಬಾನೆಟ್ ನೋಡಲೇ ಇಲ್ಲ. ಸುತ್ತು ಹಾಕಿ ಎಡಗಡೆ ಹಿಂದಿನ ಬಾಗಿಲ ಹತ್ತಿರ ನಿಂತು, ಇಲ್ಲಿ ನೆಗ್ಗಿದೆಯಲ್ಲಪ್ಪ ಅಂದ. ನೋಡಿದರೆ ನಿಜ. ಹಿಡಿಯ ಕೆಳಗೆ ಅಂಗೈ ಅಗಲ ತಗ್ಗು. ಅದು ನನ್ನ ಕೈಲಿ ಆದದ್ದಲ್ಲ ಅಂದೆ. ಹಾಗೇ, ನಮ್ಮ ಕಡೆಯಿಂದ ಆದದ್ದು ಇದು, ಅಮ್ಮ ಕರ್ಪೂರ ಹಚ್ಚಿದ್ದು ಅಂತ ಬಾನೆಟ್ಟಿನ ಕಲೆಯನ್ನು ನಾನೇ ತೋರಿಸಿದೆ. ಲಕ್ಷ್ಮೀಪತಿ ತಲೆ ಚಚ್ಚಿಕೊಂಡ. ನಿನ್ನ ಬಾಯೇ ನಿನಗೆ ಶತ್ರು ಕಣಪ್ಪ, ಅದನ್ನು ಯಾರು ಕೇಳಿದ್ರು ಅಂತ ಮೆಲ್ಲಗೆ ಗದರಿದ. ಕೇಳದಿದ್ದರೆ ಅದು ಇಲ್ಲದೆ ಹೋಗುತ್ತದಾ ಅಮ್ಮಾ?

ಮ್ಯಾನೇಜರು ಶಶಿಕುಮಾರ್ ಅಂತ, ತಮಿಳಿನವರು, ದನಿ ಎತ್ತುವ ಮನುಷ್ಯರಲ್ಲ. ಎಲ್ಲ ಕೇಳಿಸಿಕೊಂಡು, ತಂಬಿ, ಬಾನೆಟ್ ಸುಟ್ಟದ್ದು ನಿಮ್ಮ ಮನೆಯಲ್ಲಿ ಅಂತ ನೀನೇ ಹೇಳಿದೆ, ಹಾಗಾದರೆ ಬಾಗಿಲೂ ನಿಮ್ಮ ಮನೆಯಲ್ಲೇ ಅಂದರು. ಒಂದನ್ನು ಒಪ್ಪಿಕೊಂಡದ್ದಕ್ಕೆ ಎರಡನೆಯದೂ ತಲೆಗೆ ಬಂತು. ಎರಡರ ದುಡ್ಡೂ ಕಟ್ಟುವವರೆಗೆ ನಮ್ಮ ಕಾರಿನ ಕೀ ಇಲ್ಲವಂತೆ. ಕಾರು ಕೊಡುವಾಗ ಸುತ್ತ ತೋರಿಸಿ ಕೊಡಬೇಕಂತೆ. ಅವತ್ತು ಕತ್ತಲಾಗುತ್ತಿತ್ತು, ತುಂತುರು ಬೇರೆ, ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಹೇಳಿದರೆ, ಈಗ ಹೇಳಿ ಏನು ಪ್ರಯೋಜನ ಅನ್ನುತ್ತಾರೆ. ಕಾರು ಕೊಟ್ಟ ದಿನದ್ದು ನಿಮ್ಮ ಕ್ಯಾಮೆರಾದಲ್ಲೇ ನೋಡಿ ಅಂದರೆ, ಒಂದು ದಿನ ಸಾಹೇಬರು ಮೀಟಿಂಗಿನಲ್ಲಿ, ಇನ್ನೊಂದು ದಿನ ಕ್ಯಾಮೆರಾ ನೋಡುವ ಹುಡುಗಿ ರಜಾ, ಮತ್ತೊಂದು ದಿನ ಅಷ್ಟು ಹಳೆಯದು ಕ್ಯಾಮೆರಾದಲ್ಲಿ ಉಳಿಯುವುದಿಲ್ಲ. ಎಸಿ ರೂಮಿನ ಸೋಫಾದಲ್ಲಿ ಕೂತು ಕೂತು ನನಗೆ ಅಲ್ಲಿನ ಮೀನಿನ ತೊಟ್ಟಿಯ ಮೀನುಗಳೆಲ್ಲ ಗುರುತು ಸಿಗುತ್ತವೆ. ಅರ್ಧ ಗಂಟೆ ಒಂದು ಕಡೆ ಕೂರುವವನಲ್ಲ ನಾನು, ನಿನಗೇ ಗೊತ್ತು.

ಶುಕ್ರವಾರ ಶಶಿಕುಮಾರ್ ಅವರೇ ಕಾಫಿ ತರಿಸಿಕೊಟ್ಟು ಒಂದು ದಾರಿ ಹೇಳಿದರು. ರಾಯಕೋಟೆ ರಸ್ತೆಯಲ್ಲಿ ಒಂದು ಬೈಕು ಬಂದು ಬಾಗಿಲಿಗೆ ಗುದ್ದಿತು ಅಂತ ಬರೆದು ಸೈನ್ ಹಾಕು, ಇನ್ಶೂರೆನ್ಸಿನವರು ಬಾಗಿಲು ಬಾನೆಟ್ಟು ಎರಡನ್ನೂ ನೋಡಿಕೊಳ್ಳುತ್ತಾರೆ, ನಿನಗೆ ಒಂದು ಪೈಸೆ ಇಲ್ಲ, ಕೀ ತಗೊಂಡು ಹೋಗು ಅಂದರು. ಯಾವ ಬೈಕು ಸಾರ್ ಅಂದೆ. ಯಾವುದೋ ಒಂದು ತಂಬಿ ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಅವರಿಗೂ ಬೇಸತ್ತಿತ್ತು ಅಂತ ಕಾಣುತ್ತದೆ. ನನ್ನಿಂದ ಆಗಲಿಲ್ಲ. ಬರದ ಬೈಕನ್ನು ಹೇಗೆ ಬಂತು ಅಂತ ಬರೆಯಲಿ? ಎದ್ದು ಬಂದೆ.

ಮನೆಗೆ ಬಂದು ಹೇಳಿದ್ದಕ್ಕೆ ಅಪ್ಪ ತಟ್ಟೆ ಮುಂದೆ ಕೂತವನು ಹಾಗೇ ಕೈ ತೊಳೆದುಬಿಟ್ಟ. ಇಸ್ಕೂಲಲ್ಲಿ ಕಿಟಕಿ ಗಾಜು ಒಡೆದದ್ದು ನಾನಲ್ಲ, ಕ್ಷಮಾಪಣೆ ಬರೆಯುವುದಿಲ್ಲ ಅಂತ ಚೀಲ ತಗೊಂಡು ಬಂದವನು ತಿರುಗಿ ಹೋಗಲಿಲ್ಲವಲ್ಲ, ಅದನ್ನು ಎತ್ತಿದ. “ಗಾಜಿಗೋಸ್ಕರ ಓದು ಬುಟ್ಟೆ, ಈಗ ಬಾಗ್ಲಿಗೋಸ್ಕರ ಕಾರು ಬುಡ್ತೀಯ. ಇನ್ನೊಂದು ಸಲಕ್ಕೆ ಮನೇನೇ ಬುಡು ಕಣ್ಲಾ.” ಅವನ ಸಿಟ್ಟು ಕಾರಿಗಲ್ಲ, ಮೊಮ್ಮಗಳು ಬಾಡಿಗೆ ಗಾಡಿಯಲ್ಲಿ ಬಂದು ಇಳಿದರೆ ಬೀಗರ ಎದುರು ತಲೆ ಎತ್ತುವುದು ಹೇಗೆ ಅಂತ. ಅದು ನನಗೂ ಚುಚ್ಚುತ್ತದೆ.

ಅಮ್ಮಾ, ಕರ್ಪೂರದ ಕಲೆಗೆ ನೀನು ಕೊರಗಬೇಡ. ಅದನ್ನು ಸರಿಮಾಡಿಸಿಕೊಡುತ್ತೇನೆ ಅಂತ ಹೇಳಿದ್ದೇನೆ, ಮಾಡಿಸುತ್ತೇನೆ. ನನಗೆ ನಿದ್ದೆ ಕೆಡಿಸಿರುವುದು ಬಾಗಿಲು. ಮೊದಲ ದಿನ ನಮ್ಮದಲ್ಲವೇ ಅಲ್ಲ ಅಂತ ಮೇಜು ತಟ್ಟಿ ಹೇಳಿದೆ. ಈಗ ಬಸ್ಸಿನಲ್ಲಿ ಕೂತು ಯೋಚಿಸಿದರೆ, ನಾನು ಯಾವುದಕ್ಕೂ ಗುದ್ದಿಲ್ಲ ಅನ್ನುವುದು ಮಾತ್ರ ಗೊತ್ತು. ಅವತ್ತು ಬಲಗಡೆಯಿಂದ ಹತ್ತಿದೆ, ಬಲಗಡೆಯಿಂದ ಇಳಿದೆ. ಎಡಗಡೆಗೆ ನಾನು ಹೋಗಲೇ ಇಲ್ಲ. ಆಮೇಲೆ ಒಂದು ದಿನ ರೇಷನ್ ಅಂಗಡಿ ಹತ್ತಿರ ನಿಲ್ಲಿಸಿದಾಗ ಯಾರಾದರೂ ಸೈಕಲ್ ಒರಗಿಸಿದರೋ, ದನ ಉಜ್ಜಿತೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಕೂಗಿ ಬಂದೆನಲ್ಲ ಅಂತ ಬೇಸರ.

ಬಾಣಂತಿ ಮನೆ, ನೀನೂ ಹೊತ್ತಿಗೆ ಸರಿಯಾಗಿ ತಿನ್ನು. ಬೀಗರಿಗೆ ನಮಸ್ಕಾರ ಹೇಳು, ಕಾರಿನ ವಿಷಯ ಬೇಡ. ಸುಧಕ್ಕನಿಗೆ ನನ್ನ ಪ್ರೀತಿ. ಮಗುವಿನ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು.

ನಿನ್ನ
ಬೀರೇಶ

ಮರೆತೆ: ವೆಂಕಿ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಬೆಳಿಗ್ಗೆ ಹಾಲು ಕರೆಯುವಾಗ ಅಪ್ಪ ಒಂದು ಮಾತು ಹೇಳಿದ. ಪೂಜೆ ಮಾಡುವಾಗ ನೀನು ಆ ಹಿಂದಿನ ಬಾಗಿಲ ಹತ್ತಿರ ನಿಂತು ಏನೋ ಗೊಣಗಿದೆಯಂತೆ, ಅವನಿಗೆ ಕೇಳಿಸಲಿಲ್ಲವಂತೆ. ನೀನು ಮೂರು ಬೆರಳು ಒತ್ತಿ ಅರಿಶಿನ ಹಚ್ಚುವವಳು. ಅವತ್ತು ಆ ಬಾಗಿಲಲ್ಲಿ ತಗ್ಗು ನಿನ್ನ ಬೆರಳಿಗೆ ಸಿಕ್ಕಿತ್ತಾ? ಫೋನಲ್ಲಿ ಕೇಳಿದರೆ ಅಪ್ಪ ಪಕ್ಕದಲ್ಲಿ ನಿಂತು ಇತ್ತು ಅನ್ನು ಅಂತ ಹೇಳಿಕೊಡುತ್ತಾನೆ, ಅದಕ್ಕೇ ಈ ಕಾಗದ. ಇದ್ದರೆ ಇತ್ತು ಅನ್ನು, ನಿನ್ನನ್ನೇ ಕರೆದುಕೊಂಡು ಹೋಗಿ ಶಶಿಕುಮಾರ್ ಎದುರು ನಿಲ್ಲಿಸುತ್ತೇನೆ. ಇರಲಿಲ್ಲ ಅಂದರೆ ಇರಲಿಲ್ಲ ಅನ್ನು, ಅದೂ ನಮ್ಮದೇ ಅಂತ ಬರೆದುಕೊಟ್ಟು ಬರುತ್ತೇನೆ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನು. ನನಗೋಸ್ಕರ ಮಾತ್ರ ಇತ್ತು ಅನ್ನಬೇಡಮ್ಮ. ವೆಂಕಿ ನಾಳೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾನೆ, ಅವನ ಹತ್ತಿರ ಒಂದೇ ಮಾತು ಹೇಳಿಕಳಿಸು.