ಫೋಲ್ಡರಿನೊಳಗೊಂದು ಮನೆ

ಸೋಮವಾರ, ೩

ಕುಟ್ಟಾಣಿಯ ಧೂಳು ಒರೆಸಿದೆ. ಈಗ ಅದಕ್ಕೆ ನಡೆಯುವ ಸೇವೆ ಇದೊಂದೇ. ದಪ್ಪ ಕಾಗದದ ಮೇಲೆ ಬ್ರೈಲ್ ಚುಕ್ಕಿ ಕುಟ್ಟಿ ಕುಟ್ಟಿ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ತಲೆನೋವು ತರಿಸುತ್ತಿದ್ದ, ನಾವೇ ಕುಟ್ಟಾಣಿ ಅಂತ ಹೆಸರಿಟ್ಟ ನಮ್ಮ ಪ್ರೆಸ್ಸಿನ ಯಂತ್ರ, ಬಾಯಿಗೆ ಬೀಗ ಹಾಕಿಕೊಂಡು ಕೂತಿದೆ. ಹಳೆ ಕಂಪ್ಯೂಟರ್ ಹೊಗೆ ಕಾರಿ ಸತ್ತಾಗಿನಿಂದ ಹೀಗೇ. ಹೊಸ ಕಂಪ್ಯೂಟರ್ ಬಂದಿದೆ, ಮದುಮಗನ ಥರ ಮಿಂಚುತ್ತಿದೆ. ಆದರೆ ಕುಟ್ಟಾಣಿಯ ಪ್ರೋಗ್ರಾಮ್ ಓಡುವುದು ಹಳೆ ಕಾಲದ ಸಿಸ್ಟಮ್ಮಿನಲ್ಲಿ ಮಾತ್ರ. ಆ ಹಳೆ ಸಿಸ್ಟಮ್ಮಿಗೆ ಈ ಹೊಸ ಪೆಟ್ಟಿಗೆಯ ಗುರುತೇ ಸಿಗದು. ಎಣ್ಣೆ ಸೀಗೆಕಾಯಿ.

ಮ್ಯಾನೇಜರ್ ಬಂದು ನಿಂತಲ್ಲೇ ಹೇಳಿ ಹೋದರು. "ಇಪ್ಪತ್ತೆಂಟಕ್ಕೆ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ. ಇನ್ಮೇಲೆ ಪ್ರಿಂಟಿಂಗ್ ಹೊರಗೆ ಕೊಡೋಣ."

ಹೊರಗಿನ ಪ್ರೆಸ್ಸಿನಲ್ಲಿ ಕರಡು ತಿದ್ದಲು ಅವರದೇ ಜನ ಇದ್ದಾರೆ. ಅಂದರೆ ಅಕ್ಕನ ಕೆಲಸಕ್ಕೆ ಕುತ್ತು. ನಾನು ಟೈಪು ಮಾಡುವವಳು, ಎಲ್ಲಿಯಾದರೂ ಬದುಕಿಕೊಂಡೇನು. ಅಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ. ಸ್ವಂತ ಅಕ್ಕನಲ್ಲ. ಆದರೆ ಇಷ್ಟು ವರ್ಷ ಪಕ್ಕಪಕ್ಕದ ಕುರ್ಚಿ... ನಾನು ಅಚ್ಚಿನ ಪುಸ್ತಕ ಗಟ್ಟಿಯಾಗಿ ಓದುವುದು, ಅವರು ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸುತ್ತ ನನ್ನ ತಪ್ಪು ಹಿಡಿಯುವುದು. ಅವರಿಲ್ಲದ ಆ ಕೋಣೆಗೆ ನಾನು ಯಾಕೆ ಹೋಗಬೇಕು?

ಇಷ್ಟೆಲ್ಲ ಕೇಳಿಯೂ ಅಕ್ಕ ಆರಾಮಾಗಿ ಟೀ ಕುಡಿದರು. ನಾನೇ ಒಳಗೊಳಗೆ ಮ್ಯಾನೇಜರನ್ನು ಬೈದುಕೊಂಡೆ. 

ಮಂಗಳವಾರ, ೪

ಬೆಳಿಗ್ಗೆ ಬ್ಯಾಗು ಇಡುವ ಮೊದಲೇ ಅಕ್ಕ: "ಹೊಸ ಕಂಪ್ಯೂಟರಲ್ಲೇ ಒಂದು ಫೋಲ್ಡರ್ ಮಾಡೋದು. ಅದರೊಳಗೆ ಹಳೇ ಸಿಸ್ಟಮ್ ಹಾಕೋದು. ಬರೀ ಅಸ್ಥಿಪಂಜರ. ಬಣ್ಣ ಬೇಡ, ಚಿತ್ರ ಬೇಡ, ಮೌಸ್ ಬೇಡ."

"ಫೋಲ್ಡರ್ ಒಳಗೆ ಸಿಸ್ಟಮ್ಮಾ? ಡಬ್ಬಿ ಒಳಗೆ ಅಡುಗೆಮನೆ ಇಟ್ಟ ಹಾಗಾಯ್ತು."

"ಹಾಗೇ ಅಂದ್ಕೋ. ಒಂದು ಕಮಾಂಡ್ ಕೊಟ್ಟು ಒಳಗೆ ಹೋದರೆ, ಒಳಗಿರೋನಿಗೆ ಆ ಫೋಲ್ಡರೇ ಪ್ರಪಂಚ. ಹೊರಗೊಂದು ದೊಡ್ಡ ಮನೆ ಇದೆ ಅಂತಾನೇ ಗೊತ್ತಾಗಲ್ಲ. ನಮ್ಮ ಪ್ರೋಗ್ರಾಮ್ ಅಲ್ಲಿರಲಿ, ಆರಾಮಾಗಿ."

ಕಂಪ್ಯೂಟರ್ ಬಲ್ಲ ಕಣ್ಣಿಲ್ಲದ ಗೆಳೆಯರ ಗುಂಪೊಂದಿದೆ ಅವರಿಗೆ, ಅಲ್ಲಿ ಕೇಳಿದ್ದಂತೆ. ಕಮಾಂಡ್ ಕೊಡುವ ಜಾಗ ಅಂದರೆ ಕಪ್ಪು ಪರದೆ, ಬರೀ ಅಕ್ಷರ. ಅಲ್ಲಿ ಅಕ್ಕ ನನಗಿಂತ ಚುರುಕು. ಪರದೆ ಓದಿ ಹೇಳುವ ದನಿ ಅವರ ಕಿವಿಯಲ್ಲಿ ಎಷ್ಟು ವೇಗವಾಗಿ ಓಡುತ್ತದೆ ಅಂದರೆ, ನನಗೆ ಗುಬ್ಬಿಗಳ ಜಗಳದ ಹಾಗೆ ಕೇಳುತ್ತದೆ.

ಗುರುವಾರ, ೬

ಡೀಬೂಟ್‌ಸ್ಟ್ರಾಪ್ — ಹಳೆ ಸಿಸ್ಟಮ್ ತರಿಸಿ ಫೋಲ್ಡರಿನೊಳಗೆ ಕೂರಿಸುವ ಕಮಾಂಡಿನ ಹೆಸರು. ಅದಕ್ಕೆ ಮೂರು ಸಂಗತಿ ಹೇಳಬೇಕು. ಯಾವ ಆವೃತ್ತಿ, ಯಾವ ಫೋಲ್ಡರು, ಇಂಟರ್ನೆಟ್ಟಿನಲ್ಲಿ ಎಲ್ಲಿಂದ ತರಬೇಕು. ಮೊದಲ ಸಲ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದಿತು. ಅಷ್ಟು ಹಳೆಯದನ್ನು ಅಲ್ಲಿ ಇಟ್ಟುಕೊಂಡಿಲ್ಲವಂತೆ. ಎಲ್ಲ ಒಂದು ಗೋದಾಮಿಗೆ ಸಾಗಿಸಿದ್ದಾರಂತೆ. ಅಕ್ಕ ಗೋದಾಮಿನ ವಿಳಾಸ ಹುಡುಕಿದರು. ಅಲ್ಲಿಂದ ತರಿಸಿದರೆ — ಬಂತು! ಸಾಲು ಮೇಲೆ ಸಾಲು. ತರುತ್ತಿದೆ, ಪರೀಕ್ಷಿಸುತ್ತಿದೆ, ಬಿಚ್ಚುತ್ತಿದೆ, ಜೋಡಿಸುತ್ತಿದೆ. ಬಾಡಿಗೆಮನೆಗೆ ಸಾಮಾನು ಇಳಿಸುವುದನ್ನು ನೋಡುವ ಹಾಗೆ ಕೂತು ನೋಡಿದೆ. ಕೊನೆಯ ಸಾಲಿನಲ್ಲಿ, ಮೂಲ ಸಿಸ್ಟಮ್ ಸರಿಯಾಗಿ ಕೂತಿತು ಅಂತ.

ಒಳಗೆ ಹೋದೆವು. ಏನೂ ಇಲ್ಲ. ಬರೆಯುವ ಪ್ರೋಗ್ರಾಮ್ ಕೇಳಿದೆ, ಗೊತ್ತಿಲ್ಲ ಅಂದಿತು. ಇನ್ನೊಂದು ಕೇಳಿದೆ, ಅದೂ ಗೊತ್ತಿಲ್ಲ. ಚಾಪೆ ಕೂಡ ಇಲ್ಲದ ಮನೆ. ಆದರೂ ಮನೆ ಮನೆಯೇ. ಬಹಳ ದಿನದ ಮೇಲೆ ಖುಷಿಯಾಯಿತು.

ಶುಕ್ರವಾರ, ೭

ಒಳಗಿರುವ ಪ್ರೋಗ್ರಾಮಿಗೆ ಹೊರಗಿನ ಕುಟ್ಟಾಣಿ ಕಾಣಬೇಕು, ಹೊರಗಿನ ಪುಸ್ತಕಗಳೂ ಕಾಣಬೇಕು. ಅದಕ್ಕೆ ಕಿಟಕಿ ಕೊರೆದೆವು. ಹೊರಗಿನ ಫೋಲ್ಡರನ್ನೇ ಒಳಗೂ ತೋರಿಸುವ ಕಮಾಂಡ್. ನಕಲಲ್ಲ, ಅದೇ ಫೋಲ್ಡರು. ಏಳನೇ ತರಗತಿಯ ಗಣಿತ ಒಳಗಿನಿಂದಲೂ ಕಂಡಿತು. ಮೂರು ತಿಂಗಳು ನಾವಿಬ್ಬರೂ ಕಿತ್ತಾಡಿಕೊಂಡು ಸಿದ್ಧಮಾಡಿದ ಪುಸ್ತಕ, ಸತ್ತ ಕಂಪ್ಯೂಟರಿನ ಡಿಸ್ಕನ್ನೇ ಹೊಸದಕ್ಕೆ ಹಾಕಿ ಉಳಿಸಿಕೊಂಡದ್ದು.

ಕುಟ್ಟಾಣಿಯ ಪ್ರೋಗ್ರಾಮ್ ಮಾತ್ರ ಏಳಲೊಲ್ಲದು.

ಸೋಮವಾರ, ೧೦

ಅಕ್ಕ ಕಾರಣ ಪತ್ತೆಹಚ್ಚಿದರು. ಪ್ರೋಗ್ರಾಮ್ ಮೂವತ್ತೆರಡು ಬಿಟ್ಟಿನದು, ನಾವು ಕಟ್ಟಿದ್ದು ಅರವತ್ತನಾಲ್ಕರ ಮನೆ. ಕೆಡವಿ ಮತ್ತೆ ಕಟ್ಟಬೇಕು, ಕಮಾಂಡಿನಲ್ಲಿ ಒಂದು ಪದ ಸೇರಿಸಿದರೆ ಸಾಕು. "ಬ್ಯಾಂಕಿಗೆ ಹೋಗಿ ಬರ್ತೀನಿ, ಬಂದ ಮೇಲೆ ಮಾಡೋಣ" ಅಂದರು.

ನನಗೆ ಕೈ ತುರಿಕೆ. ಬರುವಷ್ಟರಲ್ಲಿ ಕೆಡವಿಯಾದರೂ ಇಡೋಣ ಅಂತ ಅಳಿಸುವ ಕಮಾಂಡ್ ಕೊಟ್ಟೆ. ಖಾಲಿ ಮನೆ, ಚಿಟಿಕೆ ಹೊಡೆಯುವುದರಲ್ಲಿ ಮುಗಿಯಬೇಕಿತ್ತು. ಮುಗಿಯುತ್ತಿಲ್ಲ. ಇಷ್ಟು ಹೊತ್ತು ಏನನ್ನು ಅಳಿಸುತ್ತಿದೆ ಅಂತ ಯೋಚಿಸಿದೆ... ಕಿಟಕಿ. ಮುಚ್ಚಿರಲಿಲ್ಲ. ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಅದು ಮನೆಯದೇ ಅಂದುಕೊಂಡು ಗುಡಿಸುತ್ತಿತ್ತು.

ಕಂಪ್ಯೂಟರ್ ಮಂಕಾಗಿ ಕೂತಿತು. ಆಫ್ ಮಾಡಿ ಆನ್ ಮಾಡಿದೆ. ಅದೇನೋ ಎದ್ದಿತು.

ಗಣಿತ ಇಲ್ಲ.

ಗುರುವಾರ, ೧೩

ಅವತ್ತು ಅಕ್ಕ ಬರುವ ಮೊದಲೇ ಮನೆಗೆ ಓಡಿಬಂದವಳು ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಜ್ವರ ಅಂತ ಫೋನ್ ಮಾಡಿಸಿದೆ. ಮನೆಯವರು ಹಣೆ ಮುಟ್ಟಿ ನೋಡಿ, "ಜ್ವರ ಹಣೆಯಲ್ಲಿಲ್ಲ, ಮುಖದಲ್ಲಿದೆ. ಹೋಗಿ ಹೇಳ್ಬಿಡು" ಅಂದರು. ಈ ಮನುಷ್ಯನಿಗೆ ಕೆಲವು ಸಲ ಬುದ್ಧಿ ಎಲ್ಲಿಂದ ಬರುತ್ತದೋ.

ಹೋದೆ. ಹೇಳಿದೆ.

ಅಕ್ಕ: "ಗೊತ್ತಾಯ್ತು. ಸೋಮವಾರವೇ ಬಂದು ನೋಡಿದೆ, ಫೋಲ್ಡರ್ ಖಾಲಿ."

"ಬೈಯಿರಿ ಅಕ್ಕಾ."

"ಬೈತೀನಿ. ಎರಡು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಇರೋದೇ ಎರಡು ವಾರ. ಗಣಿತ ಹೋದದ್ದಕ್ಕಿಂತ ಅದು ದೊಡ್ಡ ನಷ್ಟ." ಆಮೇಲೆ ದನಿ ಇಳಿಸಿ, "ಮೊದಲು ಕಿಟಕಿ ಮುಚ್ಚಬೇಕು ಅಂತ ನಾನೂ ಹೇಳಿರಲಿಲ್ಲ" ಅಂದರು.

ಮ್ಯಾನೇಜರ್ ಹತ್ತಿರವಿರುವ ಬ್ಯಾಕಪ್ಪಿನಲ್ಲಿ ಹೋದ ವರ್ಷದ ಪುಸ್ತಕಗಳಿವೆ. ಗಣಿತವಿಲ್ಲ, ಅಚ್ಚಿನ ಪುಸ್ತಕದಿಂದ ಮತ್ತೆ ಶುರುಮಾಡಿದರೆ ಇನ್ನೂ ಮೂರು ತಿಂಗಳು. ಆದರೆ ಹಳೆ ಕಂಪ್ಯೂಟರ್ ಸಾಯುವ ಮೊದಲು ಕುಟ್ಟಿದ ಕರಡು ಪ್ರತಿ ಅಕ್ಕನ ಕಪಾಟಿನಲ್ಲಿದೆ, ದಪ್ಪ ಕಾಗದದಲ್ಲಿ, ಪೂರ್ತಿ. ಕಂಪ್ಯೂಟರಿಗೆ ಗುಡಿಸಲಾಗದ ಕಡೆ.

ಶುಕ್ರವಾರ, ೧೪

ಎಲ್ಲ ಉಲ್ಟಾ. ಈಗ ಅಕ್ಕ ಬೆರಳಿನಿಂದ ಓದುತ್ತಾರೆ, ನಾನು ಕೇಳಿ ಟೈಪು ಮಾಡುತ್ತೇನೆ. ಅಂಕೆ ಚಿಹ್ನೆ, ಮೂರು, ಭಾಗಿಸು, ಅಂಕೆ ಚಿಹ್ನೆ, ಎಂಟು. ಇಷ್ಟು ವರ್ಷ ನಾನು ಓದುವಾಗ ಅವರು "ನಿಧಾನ, ನಿಧಾನ" ಅನ್ನುತ್ತಿದ್ದರು. ಇವತ್ತು ನಾನಂದೆ. "ಈಗ ಗೊತ್ತಾಯ್ತಲ್ಲ?" ಅಂತ ನಕ್ಕರು.

ಗುರುವಾರ, ೨೦

ಅಕ್ಕನ ಗಂಟಲು ಕಟ್ಟಿದೆ. ಬೆರಳ ತುದಿ ಕೆಂಪಾಗಿದೆ. ಬಿಡಿ ಅಂದರೆ ಬಿಡುವುದಿಲ್ಲ. ಭಿನ್ನರಾಶಿಯ ಅಧ್ಯಾಯದಲ್ಲಿ ಒಂದು ತಪ್ಪು ಸಿಕ್ಕಿತು. ಮೊದಲ ಸಲ ನನ್ನ ಕಣ್ಣನ್ನೂ ಅಕ್ಕನ ಬೆರಳನ್ನೂ ತಪ್ಪಿಸಿಕೊಂಡದ್ದು. "ನೀನು ಅಳಿಸಿದ್ದು ಒಳ್ಳೇದೇ ಆಯ್ತು ನೋಡು" ಅಂದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಟೈಪು ಮಾಡಿದೆ.

ಸೋಮವಾರ, ೨೪

ಗಣಿತ ಮುಗಿಯಿತು. ಮೂರು ಪೆನ್‌ಡ್ರೈವಿಗೆ ನಕಲು. ಒಂದು ಅಕ್ಕನ ಕೊರಳಲ್ಲಿದೆ, ದಾರ ಕಟ್ಟಿ.

ಮತ್ತೆ ಮನೆ ಕಟ್ಟಿದೆವು, ಮೂವತ್ತೆರಡರದು. ಈ ಸಲ ಪುಸ್ತಕದ ಕಿಟಕಿ ಇಲ್ಲ, ಒಳಗೆ ಇಟ್ಟದ್ದು ನಕಲು. ಪ್ರೋಗ್ರಾಮ್ ಎದ್ದಿತು! ನಾನು ಕುರ್ಚಿಯಿಂದಲೇ ಎದ್ದುಬಿಟ್ಟೆ.

ಕುಟ್ಟಾಣಿ ಮಾತ್ರ ಉಸಿರೆತ್ತಲಿಲ್ಲ.

ಗುರುವಾರ, ೨೭

ಕೇಬಲ್ ಬದಲಿಸಿದೆವು. ಇಲ್ಲ. ಹೊಸ ಕಂಪ್ಯೂಟರಿನಲ್ಲಿ ಕುಟ್ಟಾಣಿಯ ಕೇಬಲ್ ಸಿಕ್ಕಿಸುವ ಬಾಗಿಲಿಗೆ ಹೆಸರು ಬೇರೆ ಇರಬೇಕು ಅಂತ ಅಕ್ಕನ ಗುಮಾನಿ. ಪ್ರೋಗ್ರಾಮ್ ಹಳೆ ಹೆಸರಿಟ್ಟು ಕೂಗುತ್ತಿದೆ, ಕೇಳುವವರಿಲ್ಲ. ಹೆಸರು ಎಲ್ಲಿ ಬದಲಿಸುವುದೋ ಸಿಗುತ್ತಿಲ್ಲ. ಅಕ್ಕ ಸಂಜೆ ತಮ್ಮ ಮೇಜಿನ ಸಾಮಾನು ಚೀಲಕ್ಕೆ ತುಂಬುತ್ತಿದ್ದರು. ಸುಮ್ಮನೆ ಕ್ಲೀನ್ ಮಾಡ್ತಿದ್ದೀನಿ ಅಂದರು. ಕಸಿದು ಎಲ್ಲ ವಾಪಸ್ ಇಟ್ಟೆ. ಕೋಪ ಬಂದಿತ್ತು ನನಗೆ.

ಶುಕ್ರವಾರ, ೨೮

ಪ್ರೆಸ್ಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಮೇಜು ಅದುರುತ್ತಿದೆ, ಅಕ್ಷರ ಸೊಟ್ಟಗಾದರೆ ನನ್ನ ತಪ್ಪಲ್ಲ.

ಬೆಳಿಗ್ಗೆ ಬೇಗ ಬಂದೆವು. ಹೆಸರು ಬರೆದಿಟ್ಟ ಪುಟ್ಟ ಫೈಲು ಕೊನೆಗೂ ಸಿಕ್ಕಿತು, ಅಕ್ಕನ ಕಿವಿಗೆ. ಅವರು ಹೇಳಿದರು, ನಾನು ತಿದ್ದಿದೆ. ಅಷ್ಟರಲ್ಲಿ ಗುಜರಿಯವನ ಗಾಡಿ ಬಾಗಿಲಲ್ಲಿ ನಿಂತಿತು. ಮ್ಯಾನೇಜರ್ ಅವನನ್ನು ಒಳಗೆ ಕರೆದುಕೊಂಡು ಬಂದರು. ಅವನು ಕುಟ್ಟಾಣಿಯ ಮೇಲೆ ಕೈಯಿಟ್ಟು ತೂಕ ಅಂದಾಜು ಮಾಡುತ್ತಿದ್ದ. ನಾನು ಎಂಟರ್ ಒತ್ತಿದೆ.

ಧಡ್. ಧಡಧಡಧಡ. ಪಾಪ, ಆ ಮನುಷ್ಯ ಒಂದು ಮಾರು ಹಾರಿದ.

ಮ್ಯಾನೇಜರ್ ಏನೋ ಹೇಳಿದರು, ಸದ್ದಿನಲ್ಲಿ ಕೇಳಲಿಲ್ಲ. ಮೊದಲ ಹಾಳೆ ಅಕ್ಕನ ಕೈಗೆ ಕೊಟ್ಟೆ. ಬೆರಳು ಓಡಿತು, ನಿಂತಿತು. "ಆರನೇ ಸಾಲು. ಒಂದು ಚುಕ್ಕಿ ಬಿಟ್ಟಿದ್ದೀಯ." ನಾನು ಅಲ್ಲೇ ನಿಂತು ಅತ್ತೆ, ನಾಚಿಕೆಯಿಲ್ಲದೆ. ತಪ್ಪು ಮಾಡಿ ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

ಗುಜರಿಯವನಿಗೆ ಸತ್ತ ಕಂಪ್ಯೂಟರನ್ನು ಕೊಟ್ಟು ಕಳಿಸಿದರು. ಆಮೇಲೆ ಮ್ಯಾನೇಜರ್ ಅಕ್ಕನ ಮೇಜಿನ ಹತ್ತಿರ ಬಂದು, "ಮೇಡಂ, ಮುಂದಿನ ತಿಂಗಳಿಗೆ ವಿಜ್ಞಾನ ತಗೊಳ್ಳೋಣವಾ?" ಅಂತ ಕಿರುಚಿದರು. ಕಿರುಚದೆ ವಿಧಿಯಿಲ್ಲ.

ಅಕ್ಕ ಹಾಳೆಯಿಂದ ಬೆರಳೆತ್ತಲಿಲ್ಲ. "ಮೊದಲು ಇವಳ ತಪ್ಪು ಮುಗೀಲಿ ಸಾರ್."

ಈಗ ಎರಡನೇ ಅಧ್ಯಾಯ ಕುಟ್ಟುತ್ತಿದೆ. ಪಕ್ಕದ ಅಂಗಡಿಯವರು ಬಂದು ಆಗಲೇ ಒಂದು ಸಲ ಗೊಣಗಿ ಹೋದರು. ಅಕ್ಕ ಕೂಗುತ್ತಿದ್ದಾರೆ, ಕಾಗದ ಮುಗಿಯಿತಂತೆ, ಹೊಸ ಕಟ್ಟು ಒಡೆದು—