ಎದುರಿಗೆ ಕೂತು ಓದುವವರು

ಗಾಳಿಬಯಲು, ಹಿರಿಯೂರಿನಿಂದ ಆಚೆ
ಇಸವಿ ಎರಡು ಸಾವಿರದ ನೂರ ಎಂಬತ್ತೊಂದು, ಎರಡನೇ ಬೇಸಿಗೆ, ಭಾನುವಾರ ಸಂಜೆ

ನನ್ನ ಅಜ್ಜಿಯ ಅಜ್ಜಿಯಾದ, ಈಗಿನ್ನೂ ಒಂಬತ್ತು ವರ್ಷದ ಪೂರ್ವಿಗೆ,

ಪಾಲಕ್ಕನ ನಮಸ್ಕಾರ, ಜೊತೆಗೆ ಆಶೀರ್ವಾದ. ವಯಸ್ಸಿನಲ್ಲಿ ನಾನು ದೊಡ್ಡವಳು, ವರಸೆಯಲ್ಲಿ ನೀನು. ಎರಡರಲ್ಲಿ ಯಾವುದು ಬೇಕೋ ನೀನೇ ಇಟ್ಟುಕೋ. ನಿಮ್ಮಮ್ಮ ರತ್ನಮಾಲಾಗೆ ಮಂಡಿನೋವು ಹೇಗಿದೆ? ಅದು ಅಲ್ಲಿಂದ ಇಳಿದು ಇಳಿದು ನನ್ನ ಮಂಡಿಗೂ ಬಂದಿದೆ, ಅದಕ್ಕೇ ಕೇಳಿದೆ. ಅಪ್ಪ ಬೋರಯ್ಯನವರು ಕ್ಷೇಮವೇ? ತಮ್ಮ ದೈವಿಕನಿಗೆ ಮುಂದಿನ ಹಲ್ಲು ಬಂತಾ? ನಾಯಿ ಗುಂಡ ಇನ್ನೂ ಚಪ್ಪಲಿ ಕಚ್ಚುತ್ತಾನಾ? ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಹೆದರಬೇಡ. ನಮ್ಮ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಿಂದಿನವರ ಹೆಸರನ್ನೆಲ್ಲ ಹೇಳಿ ಮುಗಿಸಿದ ಮೇಲೇ ಹೊಸ ಹೆಸರು ಇಡುವುದು. ಯಾರೋ ಪುಣ್ಯಾತ್ಮರು ಅದರಲ್ಲಿ ನಾಯಿಯನ್ನೂ ಸೇರಿಸಿದ್ದಾರೆ, ತೆಗೆಯುವ ಧೈರ್ಯ ಯಾರಿಗೂ ಬಂದಿಲ್ಲ.

ನನ್ನ ಮಾತು ನಿನಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು, ಮನ್ನಿಸು. ನಾನು ಶಾಲೆಗೆ ಹೋದವಳಲ್ಲ. ಗಾಳಿಕಂಬದ ರೆಕ್ಕೆಗಳಿಗೆ ತೇಪೆ ಹಾಕುವ ಕೆಲಸ ಮಾಡಿ ಮುದುಕಿಯಾದವಳು. ಅಕ್ಷರ ಕಲಿತದ್ದು ಮನೆಯಲ್ಲೇ, ಅದೂ ಒಂದು ವಕ್ರ ರೀತಿಯಲ್ಲಿ. ಅದರ ವಿಚಾರಕ್ಕೇ ಈ ಕಾಗದ. ಇದು ಹಿಂದಕ್ಕೆ ಹೇಗೆ ಬಂದು ಮುಟ್ಟುತ್ತದೆ ಅಂತ ಕೇಳಬೇಡ. ಮುಟ್ಟುವುದಿಲ್ಲ ಅಂತ ನನಗೆ ಯಾರೂ ಹೇಳಿಲ್ಲ, ನಾನೂ ಯಾರನ್ನೂ ಕೇಳಲು ಹೋಗಿಲ್ಲ.

ನಾವಿರುವುದು ತಂಪುಮನೆಯಲ್ಲಿ. ಅಂದರೆ ಅರ್ಧ ನೆಲದೊಳಗೆ, ಅರ್ಧ ಮೇಲೆ. ಬೇಸಿಗೆ ವರ್ಷಕ್ಕೆ ಎರಡು ಸಲ ಬರಲು ಶುರುವಾದ ಮೇಲೆ ಎಲ್ಲರೂ ಹೀಗೇ ಕಟ್ಟಿಕೊಂಡರು. ಬಿಸಿಲೇರಿದ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಮನೆಗೆ ಬೆಳಕು ಬರುವುದು ಸೂರಿನ ಒಂದೇ ಬೆಳಕಿಂಡಿಯಿಂದ. ಅದು ನೆಲದ ಮೇಲೆ ರೊಟ್ಟಿ ತಟ್ಟಿದ ಹಾಗೆ ದುಂಡಗೆ ಬೀಳುತ್ತದೆ, ಮನೆಯ ಕೆಲಸವೆಲ್ಲ ಆ ರೊಟ್ಟಿಯ ಸುತ್ತ. ಅವರೆ ಸುಲಿಯುವುದು, ಬಟ್ಟೆ ಹೊಲಿಯುವುದು, ಓದುವುದು. ನಾನು ಚಿಕ್ಕವಳಿದ್ದಾಗ ಶಾಲೆಗಳು ಮುಚ್ಚಿದ್ದವು. ಮನೆಯಲ್ಲಿ ಇದ್ದದ್ದು ಒಂದೇ ಪುಸ್ತಕ. ಅದು ನಿನ್ನದು, ಪೂರ್ವಿ. ಹೊದಿಕೆ ಹೋಗಿದೆ, ಹೆಸರೇನೋ ಗೊತ್ತಿಲ್ಲ. ಮೊದಲ ಹಾಳೆಯ ಮೇಲೆ ನೀನು ಬಣ್ಣದ ಪೆನ್ಸಿಲಿನಲ್ಲಿ "ಇದು ಪೂರ್ವಿಯ ಪುಸ್ತಕ, ಮುಟ್ಟಿದರೆ ಜೋಕೆ" ಅಂತ ಬರೆದದ್ದು ಮಾತ್ರ ಹಾಗೇ ಇದೆ. ಕಥೆಯಲ್ಲಿ ಇರುವವರು ಕೆರೆಯ ದಂಡೆಯಲ್ಲಿ ಚಪ್ಪಲಿ ಬಿಟ್ಟು ನೀರಿಗಿಳಿಯುವ ಹುಡುಗಿ, ಅವಳನ್ನು ಬೈಯುವ ಕಪ್ಪೆ, ನಡುವೆ ಪಂಚಾಯಿತಿ ಮಾಡುವ ಕೊಕ್ಕರೆ. ಕಪ್ಪೆಗೆ ಮೀಸೆ ಬರೆದವಳು ನೀನೇ ಅಂತ ನಮ್ಮ ಅಂದಾಜು. ಅಲ್ಲ ಅಂದರೆ ನಂಬುವುದಿಲ್ಲ.

ನನ್ನಣ್ಣ ಸಿದ್ದಣ್ಣ ಆ ಪುಸ್ತಕವನ್ನು ಬೆಳಕಿನ ನಡುವೆ ನೆಲಕ್ಕಿಟ್ಟು, ಸಾಲಿನ ಮೇಲೆ ಬೆರಳಾಡಿಸುತ್ತಾ ಜೋರಾಗಿ ಓದುತ್ತಿದ್ದ. ಅವನ ಪಕ್ಕದ ಜಾಗವೆಲ್ಲ ದೊಡ್ಡವರದು. ಎಲ್ಲರಿಗಿಂತ ಚಿಕ್ಕವಳಾದ ನನಗೆ ಸಿಗುತ್ತಿದ್ದದ್ದು ಅವನ ಎದುರಿನ ಜಾಗ. ಅವನ ಬೆರಳನ್ನೇ ನೋಡುತ್ತಾ, ದನಿ ಕೇಳುತ್ತಾ ಒಂದೊಂದೇ ಅಕ್ಷರ ಗುರುತು ಹಿಡಿದೆ. ಎಲ್ಲ ಬಂತು ಅಂತ ಜಂಭದಿಂದ ಒಂದು ದಿನ ಪುಸ್ತಕ ಕಿತ್ತುಕೊಂಡು ನೆಟ್ಟಗೆ ಹಿಡಿದರೆ ಒಂದಕ್ಷರವೂ ತಿಳಿಯದು! ತಿರುಗಿಸಿ ಹಿಡಿದೆ, ಸರಾಗವಾಗಿ ಓದಿದೆ. ಮನೆಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಲಿತದ್ದೆಲ್ಲ ತಲೆಕೆಳಗು. ಆಮೇಲೆ ನೆಟ್ಟಗೆ ಓದುವುದನ್ನೂ ಅಭ್ಯಾಸ ಮಾಡಿಕೊಂಡೆ ಅನ್ನು, ಆದರೆ ಅದು ಇವತ್ತಿಗೂ ಕಾಲಿಗೆ ಹೊಸ ಚಪ್ಪಲಿ ಹಾಕಿಕೊಂಡು ನಡೆದ ಹಾಗೆಯೇ.

ಈಗ ನನ್ನ ಮೊಮ್ಮಗಳು ಸೋನೆಯ ವಿಚಾರ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಮಳೆಯ ಹೆಸರು, ಹೊಳೆಯ ಹೆಸರು ಇಡುವುದು ರೂಢಿ. ಹೆಸರು ಕೇಳಿಯಾದರೂ ಬರಲಿ ಅಂತ. ಸೋನೆಗೂ ನಿನ್ನಷ್ಟೇ ವಯಸ್ಸು. ಬೆಳಗ್ಗೆ ಬಿಸಿಲೇರುವ ಮುಂಚೆ ಗಾಳಿಕಂಬಗಳ ಕೆಳಗೆ ರೆಕ್ಕೆಯ ನೆರಳು ಸುತ್ತುತ್ತದಲ್ಲ, ಅದು ಕಾಲಿಗೆ ತಾಗದ ಹಾಗೆ ನೆಗೆಯುವುದು ಅವಳ ಆಟ. ತಾಗಿದರೆ ಸತ್ತ ಹಾಗೆ. ದಿನಕ್ಕೆ ಎಷ್ಟೋ ಸಲ ಸತ್ತು ಮನೆಗೆ ಬಂದು ಮುದ್ದೆ ಕೇಳುತ್ತಾಳೆ. ಹಳೆಯ ಯಂತ್ರಗಳ ಗುಂಡಿ ಕಿತ್ತು ಡಬ್ಬಿಗೆ ತುಂಬಿಕೊಳ್ಳುತ್ತಾಳೆ, ಯಾವುದಕ್ಕೆ ಅಂದರೆ "ಒತ್ತೋಕೆ" ಅನ್ನುತ್ತಾಳೆ. ಶಾಲೆಯಲ್ಲಿ ನದಿಯ ಚಿತ್ರ ಬಿಡಿಸಿ ತನ್ನಿ ಅಂದರು. ಇವಳು ನದಿ ಕಂಡವಳಲ್ಲ. ಉದ್ದಕ್ಕೆ ನೀಲಿ ಬಳಿದು, ಮೂಲೆಯಲ್ಲಿ ಒಂದು ಜೊತೆ ಚಪ್ಪಲಿ ಬರೆದಳು. ಚಪ್ಪಲಿ ಯಾಕೆ ಅಂತ ಕೇಳಿದರಂತೆ. "ನಾನು ಒಳಗಿದೀನಿ" ಅಂದಳಂತೆ.

ಸಂಜೆ ಮಕ್ಕಳಿಗೆ ಮನೆಹೊತ್ತು. ಶಾಲೆ ಬಿಟ್ಟ ಮೇಲೆ ಮಲಗುವವರೆಗೆ ಅವರಿಗೆ ಉಳಿದಿರುವ ಸಮಯಕ್ಕೆ ಹಾಗೆನ್ನುತ್ತಾರೆ. ಲೆಕ್ಕ ಮಾಡಿ ಮುಗಿಸಿ (ಲೆಕ್ಕವೆಲ್ಲ ನೀರಿನದೇ, ತೊಟ್ಟಿಯಲ್ಲಿ ಎಷ್ಟು ಇತ್ತು, ಎಷ್ಟು ಹೋಯಿತು) ಸೋನೆ ಬೆಳಕಿನ ಮುಂದೆ ನನ್ನ ಎದುರು ಕೂರುತ್ತಾಳೆ. ಪುಸ್ತಕ ನಡುವೆ. ನಾನು ಓದುವುದು ತಲೆಕೆಳಗು ತಾನೇ, ಹಾಗಾಗಿ ಅವಳಿಗೆ ಅದು ನೆಟ್ಟಗೇ ಇರುತ್ತದೆ. ಒಂದೇ ಪುಸ್ತಕ, ಒಂದೇ ಪುಟ, ಇಬ್ಬರೂ ಒಟ್ಟಿಗೆ, ಮುಖಕ್ಕೆ ಮುಖ. ಪಕ್ಕದಲ್ಲಿ ಕೂತು ಓದುವವರಿಗೆ ಮತ್ತೊಬ್ಬರ ಮುಖ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಒಮ್ಮೊಮ್ಮೆ ಅವಳಿಗೆ ನನ್ನ ಜಾಗ ಬೇಕು. ಪುಸ್ತಕ ತಿರುಗಿಸದೆ ಜಾಗ ಬದಲಾಯಿಸುತ್ತೇವೆ. ಆಗ ಅವಳು ತಲೆಕೆಳಗು ಓದುತ್ತಾಳೆ, ನಾನು ನೆಟ್ಟಗೆ ತಡವರಿಸುತ್ತೇನೆ. "ಬೇಗ ಬಾರಜ್ಜೀ, ಕೊಕ್ಕರೆ ಮುದುಕಿ ಆಗೋಯ್ತು" ಅಂತ ಹಂಗಿಸುತ್ತಾಳೆ.

ಇದರಲ್ಲಿ ಯಾರಿಗೆ ಏನು ತೊಂದರೆ ಅನ್ನಿಸಬಹುದು. ಆದರೆ ನಮ್ಮ ಮನೆಗಳಲ್ಲಿ ನೋಡುಗೋಡೆ ಅಂತ ಒಂದಿದೆ. ಮಗು ಮನೆಯಲ್ಲಿ ಏನು ಓದುತ್ತದೆ, ಏನು ಆಡುತ್ತದೆ ಅಂತ ಶಾಲೆಗೆ ತಿಳಿಸುವ ಗೋಡೆ. ಅದು ತಿಳಿಸಿದ್ದೆಲ್ಲ ಸೇರಿ ಒಲವುಪಟ್ಟಿ ಆಗುತ್ತದೆ. ಮಗು ಮುಂದೆ ಏನಾಗಬೇಕು ಅಂತ ಅದರಿಂದಲೇ ತೀರ್ಮಾನ. ನಾವು ಜಾಗ ಬದಲಾಯಿಸಿದಾಗಲೆಲ್ಲ ನಮ್ಮ ಗೋಡೆ ಸೋನೆಯ ಮುಂದೆ ತಲೆಕೆಳಗಾದ ಪುಸ್ತಕ ನೋಡಿತು. ಅದೇ ಪುಸ್ತಕವನ್ನು ಮತ್ತೆ ಮತ್ತೆ ನೋಡಿತು. "ಓದುತ್ತಿಲ್ಲ" ಅಂತ ತಿಳಿಸಿತು. ಪಟ್ಟಿಯಲ್ಲಿ ತೀರ ಕೆಳಗಿಳಿದರೆ ಮಗುವಿನ ಮನೆಹೊತ್ತನ್ನು ಕಿತ್ತುಕೊಳ್ಳುತ್ತಾರೆ. ಶಾಲೆಯ ಹಿಂದೆ ಸಂಜೆಮನೆ ಅಂತ ಇದೆ, ಮಲಗುವ ಹೊತ್ತಿನವರೆಗೆ ಅಲ್ಲೇ ಇರಿಸಿಕೊಂಡು ತಿದ್ದುತ್ತಾರೆ. ಹನ್ನೆರಡು ತುಂಬುವವರೆಗೆ. ನನಗೆ ಅಷ್ಟು ದಿನ ಪುರಸೊತ್ತಿದೆಯೋ ಇಲ್ಲವೋ, ಪೂರ್ವಿ.

ಹೋದ ವಾರ ಶಾಲೆಯಿಂದ ಒಲವಮ್ಮ ಬಂದರು. ಪಟ್ಟಿ ನೋಡಿಕೊಳ್ಳುವ ಮೇಡಮ್ಮನಿಗೆ ನಾವಿಟ್ಟ ಹೆಸರು ಅದು. ಕೆಟ್ಟವರಲ್ಲ. ಬಿಸಿಲಲ್ಲಿ ಬೆಂದು ಬಂದಿದ್ದರು, ಮಜ್ಜಿಗೆ ಕೊಟ್ಟೆ, ಕುಡಿದು ಇನ್ನೊಂದು ಲೋಟ ಕೇಳಿದರು. ಆಮೇಲೆ ವಿಷಯಕ್ಕೆ ಬಂದರು. ಅಜ್ಜಿ, ಓದಿದ್ದನ್ನೇ ಓದಿದರೆ ಮಗುವಿಗೆ ಹೊಸದೇನು ಸಿಗುತ್ತೆ ಅಂದರು. ನಿನ್ನೆ ಉಂಡ ಮುದ್ದೆಯನ್ನೇ ಇವತ್ತೂ ಉಣ್ಣುತ್ತೀರಲ್ಲ ತಾಯಿ, ಹೊಸದೇನು ಸಿಕ್ಕಿತು ಅಂತ ನಾನು ಕೇಳಿದೆ. ನಕ್ಕುಬಿಟ್ಟರು. ನನಗಾದರೆ ಹೊಟ್ಟೆ ಇದೆ ಅಜ್ಜಿ, ಗೋಡೆಗೆ ಇಲ್ಲವಲ್ಲ, ಅದಕ್ಕೆ ಏನಂತ ಹೇಳಲಿ ಅಂದರು. ಸೋನೆಯನ್ನೇ ಕರೆದು ಕೂರಿಸಿಕೊಂಡರು. ಇಷ್ಟು ಸಲ ಓದಿದ ಪುಸ್ತಕದಲ್ಲಿ ಇನ್ನೂ ಏನು ನೋಡ್ತೀಯಮ್ಮ ಅಂದರು. ಆ ಹುಡುಗಿ ಕಣ್ಣು ಮಿಟುಕಿಸದೆ ಹೇಳಿದ್ದು ಕೇಳು. "ಪುಸ್ತಕ ಅಲ್ಲ ಮೇಡಂ. ಅಜ್ಜಿ ಯಾವ ಸಾಲಿಗೆ ನಗ್ತಾಳೆ ಅಂತ ನೋಡ್ತೀನಿ. ದಿನಾ ಬೇರೆ ಸಾಲಿಗೆ ನಗ್ತಾಳೆ."

ಒಲವಮ್ಮ ಖಾಲಿ ಲೋಟ ಕೆಳಗಿಟ್ಟರು. ಒಂದು ದಾರಿ ಹೇಳಿದರು. ಇದನ್ನು ಓದು ಅಂತ ಬರೆಯದೆ ಆಟ ಅಂತ ಬರೆದುಬಿಡೋಣ, ಆಟಕ್ಕೆ ಗೋಡೆ ತಕರಾರು ಮಾಡುವುದಿಲ್ಲ. ಓದುವ ಹೊತ್ತಿನಲ್ಲಿ ಮಾತ್ರ ನೀವು ಅವಳ ಎದುರು ಕೂರಬೇಡಿ, ಮಗು ಶಾಲೆ ಕಳಿಸಿದ್ದನ್ನು ನೆಟ್ಟಗೆ ಓದಲಿ. ಇಲ್ಲೊಂದು ಹೆಬ್ಬೆಟ್ಟು ಒತ್ತಿದರೆ ಮುಗಿಯಿತು ಅಂದರು. ನನ್ನ ಮಗಳು, ಸೋನೆಯ ತಾಯಿ ಹೊಳೆಯಮ್ಮ, ಆಗಷ್ಟೇ ಕಂಬದ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ಅವ್ವಾ, ಒತ್ತಿಬಿಡವ್ವ. ಆಟ ಅಂದರೇನು, ಓದು ಅಂದರೇನು, ಮಗು ಮನೇಲಿರುತ್ತಲ್ಲ" ಅಂತ ಗೋಗರೆದಳು. ಅವಳದೂ ತಪ್ಪಲ್ಲ. ಹಡೆದವಳ ಭಯ.

ನಾನು ಒತ್ತಲಿಲ್ಲ. ಒಲವಮ್ಮನಿಗೆ ಹೇಳಿದೆ: ತಾಯಿ, ಆಟ ಅನ್ನುವುದು ಸಣ್ಣ ಮಾತಲ್ಲ, ಅವಳು ಬೆಳಗ್ಗೆ ನೆರಳು ನೆಗೆಯುತ್ತಾಳಲ್ಲ, ಅದನ್ನು ಆಟ ಅಂತ ದೊಡ್ಡದಾಗಿ ಬರೆದುಕೊಳ್ಳಿ. ಆದರೆ ಇದು ಓದು. ಈ ಮನೆಯಲ್ಲಿ ಓದು ಅಂದರೆ ಇದೇ. ಶಾಲೆ ಮುಚ್ಚಿದ್ದ ಕಾಲದಲ್ಲಿ ಯಾವ ಗೋಡೆಯೂ ಬಂದು ನನಗೆ ಅಕ್ಷರ ಹೇಳಿಕೊಡಲಿಲ್ಲ, ಈ ಎದುರಿನ ಜಾಗ ಹೇಳಿಕೊಟ್ಟಿತು. ಅದನ್ನು ಓದಲ್ಲ ಅಂತ ನನ್ನ ಹೆಬ್ಬೆಟ್ಟಿನಿಂದಲೇ ಹೇಳಿಸಬೇಡಿ. ನಿಮ್ಮ ಗೋಡೆಗೆ ತಲೆಕೆಳಗು ಓದಲು ಬಾರದಿದ್ದರೆ ಅದನ್ನು ಕಳಿಸಿ ಸಂಜೆಮನೆಗೆ. ಒಲವಮ್ಮ ಎದ್ದು ಚಪ್ಪಲಿ ಹಾಕಿಕೊಂಡರು. ನಾನು ಏನೂ ಮಾಡುವ ಹಾಗಿಲ್ಲ ಅಜ್ಜಿ, ಸೋಮವಾರದಿಂದ ಕಳಿಸಿ ಅಂದರು. ಆ ರಾತ್ರಿಯಿಂದ ಹೊಳೆಯಮ್ಮ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆಗೆ ಮುದ್ದೆ ಹಾಕುವಾಗ ಮಾತ್ರ, ಹಟಮಾರಿ ಮುದುಕಿ ಅಂತ ತಟ್ಟೆಗೆ ಹೇಳಿದಳು.

ನಾಳೆಯೇ ಆ ಸೋಮವಾರ. ಸೋನೆ ನಿನ್ನೆಯಿಂದ ಸಪ್ಪಗಿದ್ದಾಳೆ, ಗುಂಡಿಯ ಡಬ್ಬಿಯನ್ನೂ ಮುಟ್ಟಿಲ್ಲ. ನೀನೂ ಅಲ್ಲಿಗೆ ಬರ್ತೀಯಾ ಅಜ್ಜಿ ಅಂತ ಕೇಳಿದಳು. ಸಂಜೆಮನೆಯೊಳಗೆ ಹಿರಿಯರನ್ನು ಬಿಡುವುದಿಲ್ಲ. ಅದಕ್ಕೇ ಇವತ್ತು ಬೆಳಗ್ಗೆ ಕೋಲೂರಿಕೊಂಡು ಅಲ್ಲಿಯವರೆಗೆ ಹೋಗಿ ನೋಡಿ ಬಂದೆ. ಅಂಗಳಕ್ಕೆ ಪಡುವಣ ದಿಕ್ಕಿನಲ್ಲಿ ಒಂದು ಕಬ್ಬಿಣದ ಗೇಟು. ಮಕ್ಕಳಿಗೆ ಆಟಕ್ಕೆ ಬಿಡುವ ಹೊತ್ತಿನಲ್ಲಿ ಗೇಟಿನ ಮೇಲೆ ಸಂಜೆ ಬಿಸಿಲಿನ ಬೆಳಕು ಇರುತ್ತದೆ. ಗೇಟಿಗೂ ನೆಲಕ್ಕೂ ನಡುವೆ ಸಂದಿ ಇದೆ. ನಿನ್ನ ಪುಸ್ತಕ ಬಿಡಿಸಿಟ್ಟು ತಳ್ಳಿ ನೋಡಿದೆ. ಹಿಡಿಸುತ್ತದೆ. ಅರ್ಧ ಆಚೆ, ಅರ್ಧ ಈಚೆ. ಆಚೆ ಅವಳು ಕೂರಲಿ, ಈಚೆ ನಾನು. ಸಾಲು ಗೇಟಿನ ಕೆಳಗೆ ಬಂದಾಗ ಇಷ್ಟಿಷ್ಟೇ ಎಳೆದುಕೊಂಡರಾಯಿತು. ಅವಳಿಗೆ ನೆಟ್ಟಗೆ, ನನಗೆ ತಲೆಕೆಳಗು. ಗೇಟಿನ ಹೊರಗಿನ ನೆಲದಲ್ಲಿ ಮುದುಕಿ ಕೂರಬಾರದು ಅಂತ ಯಾವ ಪಟ್ಟಿಯಲ್ಲೂ ಇಲ್ಲ. ಇದ್ದರೆ ಇರಲಿ, ಬಂದು ಎಬ್ಬಿಸಲಿ. ನನ್ನ ಮಂಡಿ ನೆಲಕ್ಕೆ ಕೂತರೆ ಬೇಗ ಏಳುವುದಿಲ್ಲ, ಅದು ನಿಮ್ಮಮ್ಮನ ಕೊಡುಗೆ, ನಾಳೆ ಕೆಲಸಕ್ಕೆ ಬರುತ್ತದೆ. ಇದನ್ನು ಹೇಳಿದಾಗ ಸೋನೆ ಎದ್ದು ಹೋಗಿ ಡಬ್ಬಿ ತಂದು ಒಂದು ಗುಂಡಿ ನನ್ನ ಕೈಗಿಟ್ಟಳು. ಒತ್ತು ಅಂದಳು. ಒತ್ತಿದೆ. ಹೊಳೆಯಮ್ಮ ಅಡುಗೆಮನೆಯಿಂದಲೇ, ಕೂರೋಕೆ ಚಾಪೆ ತಗೊಂಡು ಹೋಗು, ನೆಲ ಕಾದಿರುತ್ತೆ ಅಂದಳು. ವಾರದಲ್ಲಿ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು.

ಇನ್ನು ನಿನಗೆ ಹೇಳಬೇಕಾದ್ದು. ನೀನು ಈಗ ಆ ಪುಸ್ತಕ ಓದುತ್ತಾ ಎಲ್ಲೋ ಮಂಚದ ಮೇಲೆ ಅಂಗಾತ ಬಿದ್ದುಕೊಂಡಿದ್ದೀಯ. ಮನೆಗೆಲಸ ಮುಗಿಸಿದೆಯಾ, ಇನ್ನೂ ಅದನ್ನೇ ಓದ್ತಿದೀಯಾ, ಬೇರೆ ಸಿಕ್ಕಲಿಲ್ವಾ ಅಂತ ಯಾರಾದರೂ ಕೇಳುತ್ತಾರೆ. ಕೇಳಲಿ. ನೀನು ಅದನ್ನೇ ಓದು. ಹೊದಿಕೆ ಹರಿದರೆ ಹರಿಯಲಿ, ಕಪ್ಪೆಗೆ ಮೀಸೆ ಬೇಕಾದರೆ ಬರಿ, ತಮ್ಮ ಜಗ್ಗಿದರೆ ಅವನನ್ನೂ ಎದುರಿಗೆ ಕೂರಿಸಿಕೋ. ಹಳೆಯ ಪೇಪರಿನ ಜೊತೆ ತೂಕಕ್ಕೆ ಹಾಕಲು ಮಾತ್ರ ಬಿಡಬೇಡ. ನಾಳೆ ಸಂಜೆ ಒಂದು ಗೇಟಿನ ಕೆಳಗೆ ಅದು ಬೇಕು.

ಪುಸ್ತಕದ ಕಡೆಯ ಹಾಳೆ ಖಾಲಿ ಇದೆ. ಇಷ್ಟು ವರ್ಷ ನಾವು ಯಾರೂ ಅದರ ಮೇಲೆ ಬರೆದಿಲ್ಲ, ಪುಸ್ತಕ ನಿನ್ನದು ಅಂತ. ಉತ್ತರವನ್ನು ಅಲ್ಲಿ ಬರೆ. ಹೇಗಿದ್ದೀಯ, ಸಂಜೆ ಏನು ಆಡುತ್ತೀಯ, ಪುಸ್ತಕದ ಹೆಸರೇನು, ಗುಂಡ ಯಾರ ಚಪ್ಪಲಿ ಕಚ್ಚಿದ. ಇವತ್ತೇ ಬರೆ, ನಾಳೆ ನಾವು ಕಡೆಯ ಹಾಳೆ ತಿರುಗಿಸಿ ನೋಡುತ್ತೇವೆ. ಒಂದು ಮಾತು ನೆನಪಿಡು ಮಗಾ. ಬರೆಯುವಾಗ ಪುಸ್ತಕವನ್ನು ನನಗಾಗಿ ತಿರುಗಿಸಬೇಡ, ನಿನಗೆ ನೆಟ್ಟಗೇ ಇರಲಿ. ನಾನು ನಿನ್ನ ಎದುರಿಗೇ ಕೂತಿದ್ದೇನೆ.

ನಿನ್ನ,
ಪಾಲಕ್ಕ