ಒಲೆಗೆ ಸುತ್ತಿದ ತಗಡು

ಹುಣಸೂರು,
ಆಸ್ಪತ್ರೆಯ ಹೊರಗಿನ ಬೆಂಚು,
೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಗೌರೀಶ,

ಅಕ್ಕನ ಆಶೀರ್ವಾದ. ಹೇಗಿದ್ದೀಯಪ್ಪ? ಅಷ್ಟು ಎತ್ತರದಲ್ಲಿ ಉಸಿರು ಸಲೀಸಾಗಿ ಆಡುತ್ತಿದೆಯಾ? ತುಟಿ ಒಡೆದಿಲ್ಲ ತಾನೆ? ಮುದ್ದೆ ಕಾಣದೆ ನಿನ್ನ ಹೊಟ್ಟೆ ಏನು ಮಾಡಿಕೊಂಡಿದೆಯೋ! ಇದಕ್ಕೆಲ್ಲ ಆಮೇಲೆ ಉತ್ತರ ಬರೆ. ಈಗ ನಿನ್ನ ಒಲೆ ಉರಿಯುತ್ತಿದ್ದರೆ ಮೊದಲು ಆರಿಸು. ಉರಿಯುತ್ತಿಲ್ಲದಿದ್ದರೆ ಈ ಕಾಗದ ಪೂರ್ತಿ ಓದುವವರೆಗೆ ಹಚ್ಚಬೇಡ. ಅಕ್ಕನ ಬುದ್ಧಿಮಾತು ಶುರುವಾದರೆ ಸಾಲು ಹಾರಿಸಿಕೊಂಡು ಹೋಗುವ ನಿನ್ನ ಚಾಳಿ ನನಗೆ ಗೊತ್ತು. ಇದೊಂದು ಸಲ ಹಾರಿಸಬೇಡ, ನನ್ನಾಣೆ.

ಅಮ್ಮ ಚೆನ್ನಾಗಿದ್ದಾಳೆ ಅಂತಲೇ ಬರೆಯಬೇಕು. ಓಡಾಡುತ್ತಾಳೆ, ಮಾತಾಡುತ್ತಾಳೆ, ತಟ್ಟೆ ಮುಂದೆ ಕೂತರೆ ಮಾತ್ರ ತುತ್ತು ಇಳಿಯುವುದಿಲ್ಲ. ಹನಗೋಡಿನಲ್ಲಿ ಹೊಗೆಸೊಪ್ಪು ಮುರಿಯುವ ಹದಕ್ಕೆ ಬಂದು ನಿಂತಿದೆ, ಕಾವು ಕೊಟ್ಟು ಸೊಪ್ಪು ಬೇಯಿಸುವ ಬ್ಯಾರನ್ ಮನೆ ತಣ್ಣಗೆ ಬಿದ್ದಿದೆ. ಈ ತಿಂಗಳಲ್ಲಿ ನಮ್ಮ ಬ್ಯಾರನ್ ತಣ್ಣಗಿದೆ ಅಂದರೆ ನಿನ್ನ ಎದೆ ಧಸಕ್ಕೆಂದಿರಬೇಕು. ಸುತ್ತಿ ಬಳಸಿ ಹೇಳುವುದಿಲ್ಲ, ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೆ ಭಯವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಬಲಗೈ ಸುಟ್ಟಿದೆ, ಮುಖದ ಒಂದು ಪಕ್ಕ ಸುಟ್ಟಿದೆ. ಬಲಗಣ್ಣಿನ ವಿಷಯ ಕೇಳಿದರೆ ಮೈಸೂರಿನಲ್ಲಿ ತೋರಿಸಿ ಎನ್ನುತ್ತಾರೆ, ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡುವುದಿಲ್ಲ. ಬ್ಯಾರನ್ನಿನ ಬೆಂಕಿ ಹೀಗೆ ಮಾಡಿದ್ದಲ್ಲ ಗೌರೀಶ. ನಿನ್ನ ಹತ್ತಿರ ಇರುವಂಥದೇ ಒಲೆ, ಅದರ ಸುತ್ತ ಅಪ್ಪ ಸುತ್ತಿದ್ದ ತಗಡು.

ಕೊಪ್ಪದ ಅಂಗಡಿಯಲ್ಲಿ ನಾವಿಬ್ಬರೂ ಜನರೆದುರು ಜಗಳವಾಡಿದ್ದನ್ನು ಮರೆತಿರಲಾರೆ. ಗ್ಯಾಸ್ ಡಬ್ಬಿ ಇಲ್ಲೇ ಕೊಡುತ್ತೇವೆ, ಒಲೆ ಮಾತ್ರ ನೀವೇ ತನ್ನಿ ಅಂತ ನಿಮ್ಮ ಗೈಡ್ ತರಬೇತಿ ಕ್ಯಾಂಪಿನವರು ಹೇಳಿದ್ದರು. ಅಂಗಡಿಯವನು ಎರಡು ಬಗೆಯದು ತೆಗೆದಿಟ್ಟ. ಒಂದು, ಡಬ್ಬಿಯ ನೆತ್ತಿಗೇ ತಿರುಗಿಸಿ ಕೂರಿಸುವಂಥದು, ಕಾಲು ಮಡಿಸಿದರೆ ನಿನ್ನ ಹಿಡಿಯೊಳಗೆ ಅಡಗುತ್ತಿತ್ತು. ಇನ್ನೊಂದು ನೆಲದ ಮೇಲೆ ಕಾಲೂರಿ ನಿಲ್ಲುವಂಥದು, ಡಬ್ಬಿ ಅಷ್ಟು ದೂರದಲ್ಲಿ, ನಡುವೆ ಒಂದು ಪೈಪು. ನಮ್ಮ ಅಡುಗೆಮನೆಯಲ್ಲಿರುವ ಹಾಗೆಯೇ ಇದೆ, ಇದೇ ತಗೋ ಅಂತ ನಾನು ಹಟ ಹಿಡಿದೆ. ನೀನು ಅದನ್ನು ಅಂಗೈಯಲ್ಲಿ ತೂಗಿ, "ಬೆನ್ ಮ್ಯಾಲೆ ಒರೋನು ನಾನು ಕಣಕ್ಕ, ನೀನಲ್ಲ, ಸುಮ್ಕಿರು" ಅಂದೆ. ಕಬಿನಿ ರೆಸಾರ್ಟಿನಲ್ಲಿ ಜೀಪಿನ ಮೇಲೆ ಕೂತು ಆನೆ ತೋರಿಸುತ್ತಿದ್ದ ಸಾಹೇಬರು ಬೆಟ್ಟದ ಗೈಡ್ ಆಗಲು ಹೊರಟ ಮೇಲೆ ಸೋಪನ್ನೂ ಅರ್ಧ ಕತ್ತರಿಸಿ ಚೀಲಕ್ಕೆ ಹಾಕಿಕೊಂಡವರು! ಕೊನೆಗೆ ನಿನ್ನ ಮಾತೇ ನಡೆಯಿತು, ನೆತ್ತಿಗೆ ಕೂರುವ ಆ ಪುಟ್ಟದನ್ನೇ ಕೊಂಡೆವು. ತೂಕ ಎಷ್ಟು ಅಂತ ಇಬ್ಬರೂ ಹತ್ತು ಸಲ ಕೇಳಿದೆವು. ಹೇಗೆ ಉರಿಸಬೇಕು ಅಂತ ಒಬ್ಬರೂ ಕೇಳಲಿಲ್ಲ.

ಮನೆಗೆ ತಂದು, ಪರೀಕ್ಷೆಗೆಂದು ಕೊಂಡಿದ್ದ ಒಂದು ಡಬ್ಬಿಗೆ ಕೂರಿಸಿ ಅಂಗಳದಲ್ಲಿ ಹಚ್ಚಿದ ದಿನ ಎಂಥ ಗಾಳಿ ಬೀಸುತ್ತಿತ್ತು! ಉರಿ ಪಾತ್ರೆಗೆ ತಾಗದೆ ಪಕ್ಕಕ್ಕೇ ಹಾರುತ್ತಿತ್ತು, ಒಂದು ಲೋಟ ನೀರು ಕುದಿಯಲು ಒದ್ದಾಡಿತು. ಅಪ್ಪನಿಗೆ ನೋಡಿಕೊಂಡು ಇರಲಾಗಲಿಲ್ಲ. ಆಯುಸ್ಸೆಲ್ಲ ಬ್ಯಾರನ್ನಿನ ಬಿರುಕು ಹುಡುಕಿ ಹುಡುಕಿ ಮಣ್ಣು ಮೆತ್ತಿದವರು ಅವರು. ಒಳಗಿನ ಕಾವು ಎಳೆಯಷ್ಟು ಹೊರಗೆ ಹೋದರೂ ಸೊಪ್ಪಿನ ಬಣ್ಣ ಕೆಡುತ್ತದೆ ಅಂತ ನಮಗೆ ಕಲಿಸಿದ್ದೂ ಅವರೇ. "ಬೆಂಕಿ ಪೋಲಾಯ್ತಾ ಅದೆ ಕಣ್ಲಾ, ತಡಿ" ಅಂತ ಹಿತ್ತಲಿಗೆ ಹೋಗಿ ಬ್ಯಾರನ್ನಿನ ತೆಳು ತಗಡು ಕತ್ತರಿಸಿ ತಂದು, ನೆಲದಿಂದ ಪಾತ್ರೆಯ ತಳದವರೆಗೆ, ಡಬ್ಬಿಯೂ ಒಳಗೇ ಸೇರುವಂತೆ ಸುತ್ತಿದರು. ನೀರು ಗಳಗಳ ಕುದಿಯಿತು. ನಾವು ಚಪ್ಪಾಳೆ ತಟ್ಟಿದೆವು, ಅಪ್ಪ ನಾಚಿಕೊಂಡರು. ಒಂದು ಲೋಟ ನೀರಾದ್ದರಿಂದ ಬೇಗ ಆರಿಸಿದೆವು, ನಮ್ಮ ಪುಣ್ಯ. ನೀನು ಆ ತಗಡನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡೆ.

ನಿನ್ನ ಮುಂದಿನ ಬ್ಯಾಚಿಗೆ ಹೊರಟಿರುವ ಬೀಚನಹಳ್ಳಿಯ ಮೂರ್ತಿ ನಿನ್ನನ್ನು ನೋಡಿ ಅದೇ ಒಲೆ ಕೊಂಡಿದ್ದಾನೆ. ಮೊನ್ನೆ ಬುಧವಾರ ಅದನ್ನು ಹಿಡಿದುಕೊಂಡು ಬಂದು, ನನಗೂ ಒಂದು ತಗಡು ಮಾಡಿಕೊಡಿ ಅಂತ ಅಪ್ಪನ ಮುಂದೆ ಕೂತ. ಅಪ್ಪನಿಗೆ ಹಬ್ಬ. ಸೊಪ್ಪು ಮುರಿಯಲು ಬಂದಿದ್ದ ಆಳುಗಳಿಗೆಲ್ಲ ಇದರಲ್ಲೇ ಟೀ ಕಾಯಿಸಿ ತೋರಿಸುತ್ತೇನೆ ಅಂತ ನೀನು ಬಿಟ್ಟುಹೋದ ಡಬ್ಬಿಗೆ ಮೂರ್ತಿಯ ಒಲೆ ಕೂರಿಸಿ, ದೊಡ್ಡ ಪಾತ್ರೆ ಇಟ್ಟು, ತಗಡು ಸುತ್ತಿ, ಬುಡಕ್ಕೆ ಹಸಿ ಮಣ್ಣನ್ನೂ ಮೆತ್ತಿದರು. ಮೂರ್ತಿ ಹಾಲು ತರಲು ಹೋಗಿದ್ದ. ನಾನು ಜಗುಲಿಯಲ್ಲಿದ್ದೆ. ಅಪ್ಪ ಬಗ್ಗಿ, ಬ್ಯಾರನ್ನಿನ ಗೋಡೆ ಮುಟ್ಟಿ ನೋಡುವ ಹಾಗೆ ತಗಡಿಗೆ ಕೈ ಇಟ್ಟು, "ಕಾವು ಎಂಗ್ ನಿಂತದೆ ನೋಡವ್ವ" ಅಂದರು. ಆಮೇಲಿನ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಪ್ಪ ಕೂಗಲೇ ಇಲ್ಲ. ನಾನೇ ಕೂಗಿದ್ದು.

ನಿನ್ನೆ ಕೊಪ್ಪಕ್ಕೆ ಹೋಗಿ ಆ ಅಂಗಡಿಯವನ ಮೇಲೆ ಹರಿಹಾಯ್ದೆ. ಪಾಪ, ಅವನೂ ಬೆವೆತುಹೋದ. ನೆತ್ತಿಯ ಮೇಲೆ ಕೂರುವ ಒಲೆಗೆ ಸುತ್ತ ಮರೆ ಕಟ್ಟಿದರೆ ಕಾವೆಲ್ಲ ಡಬ್ಬಿಗೇ ಇಳಿಯುತ್ತದಂತೆ, ಒಳಗಿನ ಗ್ಯಾಸ್ ಉಬ್ಬಿ ಡಬ್ಬಿ ಸಿಡಿಯುತ್ತದಂತೆ. ಡಬ್ಬಿ ದೂರ ಇರುವ ಇನ್ನೊಂದು ಒಲೆಗಾದರೆ ಮರೆ ಕಟ್ಟಬಹುದಿತ್ತಂತೆ. ನಿನ್ನ ಫೋನನ್ನು ಕೆಳಗಿನ ಕ್ಯಾಂಪಿನಲ್ಲೇ ತೆಗೆದಿಟ್ಟುಕೊಂಡಿದ್ದಾರಲ್ಲ, ಅಲ್ಲಿಯ ಆಫೀಸಿಗೆ ಮೂರ್ತಿಯಿಂದ ಹಿಂದಿಯಲ್ಲಿ ಮಾತಾಡಿಸಿದೆ. ಲೈನು ಕರಕರ ಅನ್ನುತ್ತಿತ್ತು. ಎಲ್ಲ ಕೇಳಿಸಿಕೊಂಡ ಆ ಮನುಷ್ಯ ಕೊನೆಗೆ, ಸರಿ, ಗಾಳಿ ತಾಗದಂತೆ ಒಲೆಯನ್ನು ಚೆನ್ನಾಗಿ ಮುಚ್ಚಿಕೊಳ್ಳಿ ಅಂತ ಹುಡುಗರಿಗೆ ಹೇಳಿಕಳಿಸುತ್ತೇನೆ ಎಂದನಂತೆ. ಮೂರ್ತಿ ಅಲ್ಲ ಅಲ್ಲ ಅಂತ ಕಿರುಚುವಷ್ಟರಲ್ಲಿ ಲೈನು ಹೋಯಿತು, ಮತ್ತೆ ಸಿಗಲೇ ಇಲ್ಲ. ಅಲ್ಲಿಂದ ಏನಾದರೂ ಅಪ್ಪಣೆ ಬಂದಿದ್ದರೆ ನಂಬಬೇಡ. ಮೂರ್ತಿ ಇವತ್ತೇ ರೈಲು ಹತ್ತುತ್ತಿದ್ದಾನೆ. ಕೆಳಗಿನ ಕ್ಯಾಂಪಿನಿಂದ ನಿಮಗೆ ರೇಷನ್ ಹೊರುವ ಹೇಸರಗತ್ತೆಯವನ ಕೈಗೆ ಈ ಕಾಗದ ಕೊಡುತ್ತಾನೆ. ಅಲ್ಲಿಯವರೆಗೆ ನೀನು ಬರೀ ಒಂದೊಂದು ಲೋಟ ನೀರು ಕಾಯಿಸುತ್ತಿರು, ಗಾಳಿ ಇಲ್ಲದಿರಲಿ, ನಿನಗೆ ಸೋಮಾರಿತನ ಬಂದು ತಗಡಿನ ಸುರುಳಿಯನ್ನು ಚೀಲದಿಂದ ತೆಗೆಯದೇ ಇರಲಿ ಅಂತ ಕಂಡ ಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದೇನೆ. ನನಗೆ ತುಂಬ ಭಯವಾಗುತ್ತಿದೆ ಗೌರೀಶ. ಆ ತಗಡೊಂದನ್ನು ಕಣಿವೆಗೆ ಬಿಸಾಡು.

ಅಪ್ಪ ಬುಧವಾರದಿಂದ ಮಾತಾಡಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ನಿನ್ನ ಮೇಲಿನ ಅಕ್ಕರೆಯಿಂದ ಮಾಡಿದ್ದು. ಶಿವ ನಿನ್ನ ಬೆನ್ನಿಗಿರಲಿ. ಅಮ್ಮ ನಿನ್ನ ತಲೆ ಸವರಿದ್ದೇನೆ ಅಂತ ಬರೆಯಲು ಹೇಳಿದ್ದಾಳೆ.

ನಿನ್ನ ಜಗಳಗಂಟಿ ಅಕ್ಕ,
ಶಾಂಭವಿ

ವಿ.ಸೂ.: ಮೂರ್ತಿ ಬೈಕಿನ ಮೇಲೆ ಕಾಯುತ್ತಿದ್ದಾನೆ. ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಆ ತಗಡೊಂದನ್ನು ಬಿಸಾಡು ಅನ್ನುವಲ್ಲಿಗೆ ಬಂದಾಗ ಸುಡದ ಕೈಯಿಂದ ನನ್ನ ಸೆರಗು ಹಿಡಿದು, "ಒಂದಲ್ಲ ಕಣವ್ವ" ಅಂದರು. ನಿನ್ನ ಜೊತೆಯ ಹುಡುಗರ ಉರಿಯೂ ಪೋಲಾಗಬಾರದು ಅಂತ ಟೆಂಟಿಗೊಂದರಂತೆ ಮಾಡಿ ಕೊಟ್ಟಿದ್ದರಂತೆ, ನನಗೆ ಹೇಳಿದರೆ ನಗುತ್ತೇನೆ ಅಂತ ನೀವಿಬ್ಬರೂ ಮುಚ್ಚಿಟ್ಟಿರಂತೆ. ಗ್ರಾಂ ಗ್ರಾಂ ಲೆಕ್ಕ ಹಾಕುವವನು ಅಪ್ಪನ ಮನಸ್ಸು ನೋಯಬಾರದು ಅಂತ ಅಷ್ಟನ್ನೂ ಹೊತ್ತುಕೊಂಡು ಹೋದೆಯಲ್ಲೋ! ಹಂಚಿಬಿಟ್ಟಿರುತ್ತೀಯ, ನಿನ್ನ ಕೈ ನನಗೆ ಗೊತ್ತಿಲ್ಲವೇ. ಕೆಳಗಿನ ಕ್ಯಾಂಪಿನಿಂದ ಒಲೆ ಮುಚ್ಚಿಕೊಳ್ಳಿ ಅಂತ ಅಪ್ಪಣೆ ಬೇರೆ ಬಂದಿರುತ್ತದೆ. ಅವರ್ಯಾರಿಗೂ ಕನ್ನಡ ಬಾರದು, ಈ ಕಾಗದ ಓದಲು ಬರುವುದಿಲ್ಲ. ಓಡು, ಟೆಂಟು ಟೆಂಟಿಗೂ ಓಡು.